ಕಾಲಕ್ಕೆ ಹೆಜ್ಜೆ ಇದೆಯಾ, ಇಲ್ಲ ಸುಮ್ನೆ ಹರಿಯುತ್ತಾ?

ಸೊನ್ನೆಒಂದು

ಎರಡು ವಾರದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ. ಬಿಡುವಿದ್ದಾಗ ಒಂದು ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೇನೆ. ನಡುವೆ ಒಂದು ಸೂರ್ಯ, ಸುತ್ತ ಒಂದು ಗ್ರಹ, ಅಷ್ಟೇ. ಕಂಪ್ಯೂಟರ್‌ಗೆ ಹರಿಯುವ ಕಾಲ ಗೊತ್ತಿಲ್ಲವಲ್ಲ, ಅದಕ್ಕೆ ಹೆಜ್ಜೆ ಹೆಜ್ಜೆಯಾಗಿ ಓಡಿಸುತ್ತೇನೆ. ಈಗ ಗ್ರಹ ಇಲ್ಲಿದೆ, ವೇಗ ಇಷ್ಟಿದೆ, ಹಾಗಾದರೆ ಒಂದು ಗಂಟೆ ಬಿಟ್ಟು ಅಲ್ಲಿರುತ್ತದೆ. ಮತ್ತೆ ಲೆಕ್ಕ, ಮತ್ತೊಂದು ಗಂಟೆ.

ತೊಂದರೆ ಏನೆಂದರೆ ಗ್ರಹ ಪ್ರತಿ ಸುತ್ತಿಗೂ ಒಂದಿಷ್ಟು ಹೊರಗೆ ಜಾರುತ್ತಿದೆ. ಯಾರೂ ದೂಡುತ್ತಿಲ್ಲ, ಆದರೂ ಅದರ ಶಕ್ತಿ ಹೆಚ್ಚುತ್ತಿದೆ. ಹೆಜ್ಜೆಯನ್ನು ಚಿಕ್ಕದು ಮಾಡಿದರೆ ಜಾರುವುದು ಕಡಿಮೆಯಾಗುತ್ತದೆ, ಆದರೆ ನಿಲ್ಲುವುದಿಲ್ಲ.

ಅದನ್ನೇ ನೋಡುತ್ತಾ ಕೂತಿದ್ದಾಗ ಅನ್ನಿಸಿತು: ನಿಜವಾದ ಜಗತ್ತು ಹೇಗೆ ಓಡುತ್ತಿದೆ? ಅದೂ ಹೀಗೇ ಟಿಕ್ ಟಿಕ್ ಎಂದು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹಾರುತ್ತಿದೆಯಾ? ಅಥವಾ ಯಾವ ಎರಡು ಕ್ಷಣ ತೆಗೆದುಕೊಂಡರೂ ನಡುವೆ ಇನ್ನೊಂದು ಕ್ಷಣ ಇದ್ದೇ ಇರುತ್ತದಾ? ತಿಳಿದವರು ಹೇಳಿ. ತಿಳಿಯದವರೂ ಹೇಳಿ, ಪರವಾಗಿಲ್ಲ.

ಅರ್ಧಂಬರ್ಧ

ಇದರಲ್ಲಿ ಚರ್ಚೆ ಮಾಡಲು ಏನಿದೆ? ಉತ್ತರ ಯಾವತ್ತೋ ಸಿಕ್ಕಿದೆ. ಪ್ಲಾಂಕ್ ಟೈಮ್. ಸೊನ್ನೆ ಬರೆದು ಚುಕ್ಕಿ ಇಟ್ಟು, ಮತ್ತೆ 43 ಸೊನ್ನೆ ಬರೆದು, ಆಮೇಲೆ 539 ಅಂತ ಬರೆಯಿರಿ. ಅಷ್ಟು ಸೆಕೆಂಡ್. ಅದಕ್ಕಿಂತ ಚಿಕ್ಕ ಕಾಲ ಇಲ್ಲ. ಬ್ರಹ್ಮಾಂಡದ ಫ್ರೇಮ್ ರೇಟ್ ಅದೇ. ಕ್ವಾಂಟಮ್ ಅಂದರೇನೇ ತುಂಡು ತುಂಡು ಅಂತ. ಮುಗಿಯಿತು.

ಗಂಟೆಮುಳ್ಳು

ನಾನು ಗಡಿಯಾರ ರಿಪೇರಿ ಮಾಡುವವನು. ಭೌತಶಾಸ್ತ್ರ ಗೊತ್ತಿಲ್ಲ. ಆದರೆ ಟಿಕ್ ಎಂಬ ಮಾತು ಬಂದ ಮೇಲೆ ಸುಮ್ಮನಿರುವುದು ಕಷ್ಟ.

ಬ್ಯಾಟರಿ ಗಡಿಯಾರದ ಸೆಕೆಂಡ್ ಮುಳ್ಳು ಕುಪ್ಪಳಿಸಿ ಕುಪ್ಪಳಿಸಿ ಹೋಗುತ್ತದೆ. ಕೀ ಕೊಡುವ ವಾಚಿನ ಮುಳ್ಳು ನಯವಾಗಿ ಜಾರುತ್ತದೆ. "ಇದು ನಿಜವಾದ ಕಾಲ, ಅದು ತುಂಡು ಕಾಲ" ಎನ್ನುವವರನ್ನು ತುಂಬಾ ನೋಡಿದ್ದೇನೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ. ನಯವಾಗಿ ಜಾರುವ ಮುಳ್ಳೂ ಕುಪ್ಪಳಿಸುತ್ತಲೇ ಇರುತ್ತದೆ. ಗಂಟೆಗೆ 28,800 ಬಡಿತದ ವಾಚಾದರೆ ಸೆಕೆಂಡಿಗೆ 8 ಸಲ. ಕಣ್ಣಿಗೆ ಅಷ್ಟು ಬೇಗ ಗೊತ್ತಾಗುವುದಿಲ್ಲ, ಅಷ್ಟೇ.

ಬ್ಯಾಟರಿ ವಾಚಿನದು ಇನ್ನೂ ತಮಾಷೆ. ಒಳಗಿನ ಹರಳು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಯಾಕೆ ಆ ವಿಚಿತ್ರ ಸಂಖ್ಯೆ? 15 ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಉಳಿಯುತ್ತದೆ. ಆ ಒಂದಕ್ಕೆ ಮೋಟಾರ್ ಒಂದು ಹೆಜ್ಜೆ ತಿರುಗುತ್ತದೆ. ಸೆಕೆಂಡಿಗೊಂದೇ ಸಲ ತಿರುಗಿಸುವುದು ಬ್ಯಾಟರಿ ಉಳಿಸಲು. ಅದಕ್ಕೂ ಕಾಲದ ಸ್ವಭಾವಕ್ಕೂ ಏನೂ ಸಂಬಂಧ ಇಲ್ಲ.

ಆದರೆ ಒಂದು ಮಾತು. ಕೀ ವಾಚಿನ ಬ್ಯಾಲೆನ್ಸ್ ಚಕ್ರ ಇದೆಯಲ್ಲ, ಅದು ಕುಪ್ಪಳಿಸುವುದಿಲ್ಲ. ಉಯ್ಯಾಲೆಯ ಹಾಗೆ ಅತ್ತ ಇತ್ತ ತೂಗುತ್ತದೆ. ಟಿಕ್ ಎನ್ನುವುದು ಆ ತೂಗಾಟವನ್ನು ಎಣಿಸುವ ಜಾಗದಲ್ಲಿ, ಚಿಕ್ಕ ಕೊಕ್ಕೆ ಬಂದು ಇನ್ನೊಂದು ಚಕ್ರದ ಹಲ್ಲಿಗೆ ತಾಗಿದಾಗ. ನನ್ನ ಮಟ್ಟಿಗೆ ಹೆಜ್ಜೆ ಇರುವುದು ಎಣಿಕೆಯಲ್ಲಿ.

ಹಳೇಚಾಕ್‌ಪೀಸ್

ಗಂಟೆಮುಳ್ಳು ಅವರೇ, ಭೌತಶಾಸ್ತ್ರ ಗೊತ್ತಿಲ್ಲ ಎನ್ನುತ್ತಲೇ ಅದರ ಬುಡಕ್ಕೆ ಕೈ ಹಾಕಿದ್ದೀರಿ. ಪರಮಾಣು ಗಡಿಯಾರದ ಕಥೆಯೂ ಇದೇ. 1967ರಿಂದ ಸೆಕೆಂಡ್ ಎಂದರೆ ಸೀಸಿಯಂ-133 ಪರಮಾಣುವಿನ ಒಂದು ಗೊತ್ತಾದ ವಿಕಿರಣ 9,19,26,31,770 ಸಲ ಏರಿಳಿಯುವಷ್ಟು ಹೊತ್ತು. ಆ ಅಲೆ ಏರುತ್ತದೆ, ಇಳಿಯುತ್ತದೆ, ನಡುವೆ ಎಲ್ಲೂ ಹಾರುವುದಿಲ್ಲ. ಪೂರ್ಣಸಂಖ್ಯೆ ಬರುವುದು ನಾವು ಎಣಿಸಲು ಕೂತಾಗ.

ಇನ್ನು ಪ್ಲಾಂಕ್ ಕಾಲ. ಅರ್ಧಂಬರ್ಧ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಈ ಮಾತು ಎಲ್ಲ ಕಡೆ ಕೇಳುತ್ತದೆ, ಕೇಳಿದಾಗಲೆಲ್ಲ ನನ್ನ ಕೈ ಸೀಮೆಸುಣ್ಣ ಹುಡುಕುತ್ತದೆ. ಮ್ಯಾಕ್ಸ್ ಪ್ಲಾಂಕ್ 1899ರಲ್ಲಿ ಮಾಡಿದ್ದು ಇಷ್ಟು. ಬೆಳಕಿನ ವೇಗ, ಗುರುತ್ವದ ಸ್ಥಿರಾಂಕ, ಈಗ ಅವರ ಹೆಸರೇ ಇರುವ ಇನ್ನೊಂದು ಸ್ಥಿರಾಂಕ. ಇವನ್ನು ಗುಣಿಸಿ ಭಾಗಿಸಿ ಉದ್ದಕ್ಕೆ, ಕಾಲಕ್ಕೆ, ದ್ರವ್ಯರಾಶಿಗೆ ಒಂದೊಂದು ಅಳತೆ ಮಾಡಿಕೊಂಡರು. ಮನುಷ್ಯನ ಗೇಣು ಮೊಳದ ಹಂಗಿಲ್ಲದ ಅಳತೆ ಬೇಕಿತ್ತು ಅವರಿಗೆ. ಇದೇ ಎಲ್ಲಕ್ಕಿಂತ ಚಿಕ್ಕದು ಎಂಬ ಮಾತು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಅನುಮಾನ ಇದ್ದರೆ ಅದೇ ಲೆಕ್ಕದಿಂದ ಬರುವ ಪ್ಲಾಂಕ್ ದ್ರವ್ಯರಾಶಿ ನೋಡಿ. ಸುಮಾರು 22 ಮೈಕ್ರೋಗ್ರಾಂ, ಒಂದು ಸಣ್ಣ ಮರಳಿನ ಕಣದಷ್ಟು. ಅದಕ್ಕಿಂತ ಹಗುರವಾದದ್ದು ಜಗತ್ತಿನಲ್ಲಿ ಇಲ್ಲ ಎನ್ನುತ್ತೀರಾ? ಎಲೆಕ್ಟ್ರಾನ್ ಪಾಪ ಎಲ್ಲಿಗೆ ಹೋಗಬೇಕು?

ಕ್ವಾಂಟಮ್ ಎಂದರೆ ಎಲ್ಲವೂ ತುಂಡು ಎನ್ನುವುದೂ ಪೂರ್ತಿ ನಿಜವಲ್ಲ. ಪರಮಾಣುವಿನೊಳಗೆ ಕಟ್ಟುಬಿದ್ದ ಎಲೆಕ್ಟ್ರಾನಿಗೆ ಶಕ್ತಿಯ ಮೆಟ್ಟಿಲುಗಳಿವೆ. ಅದೇ ಎಲೆಕ್ಟ್ರಾನ್ ಬಿಡಿಸಿಕೊಂಡು ಹೊರಗೆ ಬಂದರೆ ಮೆಟ್ಟಿಲು ಇಲ್ಲ, ಯಾವ ಶಕ್ತಿಯಾದರೂ ಇರಬಹುದು. ಕ್ವಾಂಟಮ್ ಶಾಸ್ತ್ರದ ಮೂಲ ಲೆಕ್ಕವಾದ ಶ್ರೋಡಿಂಗರ್ ಸಮೀಕರಣದಲ್ಲಿ ಕಾಲವಂತೂ ನ್ಯೂಟನ್ ಕಾಲದಲ್ಲಿ ಇದ್ದ ಹಾಗೇ ಇದೆ, ಅಖಂಡವಾಗಿ.

ಹಾಗಾದರೆ ಪ್ಲಾಂಕ್ ಕಾಲಕ್ಕೆ ಯಾಕಿಷ್ಟು ಮಹತ್ವ? ತುಂಬಾ ಚಿಕ್ಕ ಹೊತ್ತನ್ನು ಅಳೆಯಲು ತುಂಬಾ ಜಾಸ್ತಿ ಶಕ್ತಿ ಬೇಕು. ಅಷ್ಟು ಶಕ್ತಿಯನ್ನು ಅಷ್ಟು ಚಿಕ್ಕ ಜಾಗದಲ್ಲಿ ತುರುಕಿದರೆ ಅದು ಕುಸಿದು ಕಪ್ಪುಕುಳಿ ಆಗುತ್ತದೆ, ನಿಮ್ಮ ಅಳತೆಗೋಲನ್ನೇ ನುಂಗುತ್ತದೆ. ಅಲ್ಲಿಗೆ ಈಗಿರುವ ಸಿದ್ಧಾಂತಗಳ ಕೈ ಸೋಲುತ್ತದೆ. ಸಿದ್ಧಾಂತ ಸೋಲುವ ಜಾಗ ಎಂದರೆ ಕಾಲ ಮುರಿಯುವ ಜಾಗ ಎಂದಲ್ಲ.

ನಾವು ಅದರ ಹತ್ತಿರ ಇದ್ದೇವಾ? ಇಲ್ಲವೇ ಇಲ್ಲ. 2020ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ವಿಜ್ಞಾನಿಗಳು ಬೆಳಕು ಒಂದು ಹೈಡ್ರೋಜನ್ ಅಣುವನ್ನು ದಾಟುವ ಹೊತ್ತನ್ನು ಅಳೆದರು. 247 ಝೆಪ್ಟೋಸೆಕೆಂಡ್. ಚುಕ್ಕಿಯ ಮುಂದೆ 18 ಸೊನ್ನೆ, ಆಮೇಲೆ 247. ಇನ್ನೇನು ಮುಟ್ಟಿಬಿಟ್ಟೆವು ಅನ್ನಿಸುತ್ತದೆ, ಅಲ್ವಾ? ಪ್ಲಾಂಕ್ ಕಾಲವನ್ನು ಎಳೆದು ಒಂದು ಸೆಕೆಂಡ್ ಮಾಡಿದೆವು ಎಂದುಕೊಳ್ಳಿ. ಅದೇ ಎಳೆತದಲ್ಲಿ ಆ 247 ಝೆಪ್ಟೋಸೆಕೆಂಡ್ ಬ್ರಹ್ಮಾಂಡದ ವಯಸ್ಸಿನ ಒಂದು ಕೋಟಿ ಪಟ್ಟು ಆಗುತ್ತದೆ.

ಅರ್ಧಂಬರ್ಧ

ಸರಿ ಮೇಷ್ಟ್ರೇ, ಪೆಟ್ಟು ಬಿತ್ತು, ಒಪ್ಪಿಕೊಂಡೆ. ಆದರೆ ಒಂದು ಕೇಳುತ್ತೇನೆ. ಯಾವ ಉಪಾಯದಿಂದಲೂ ಅಳೆಯಲು ಆಗದ ಹೊತ್ತು ಇದ್ದರೇನು, ಇಲ್ಲದಿದ್ದರೇನು? ಅಳೆಯಲು ಆಗದ್ದನ್ನು ಇದೆ ಎನ್ನುವುದೂ ನಂಬಿಕೆಯೇ ಆಯಿತಲ್ಲ. ಹರಿಯುತ್ತದೆ ಎನ್ನುವವರೂ ಸಾಕ್ಷಿ ಕೊಡಬೇಕು.

ಹಳೇಚಾಕ್‌ಪೀಸ್

ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ನನ್ನ ಬಳಿ ಚುರುಕಾದ ಉತ್ತರ ಇಲ್ಲ.

ಅಂಚಿನಟಿಪ್ಪಣಿ

ಈ ಜಗಳ ಎರಡೂವರೆ ಸಾವಿರ ವರ್ಷ ಹಳೆಯದು. ಕ್ರಿ.ಪೂ. 5ನೇ ಶತಮಾನದ ಝೀನೋ ಎಂಬ ಗ್ರೀಕನ ಬಾಣದ ಮಾತು ಎಲ್ಲರೂ ಕೇಳಿರುತ್ತೀರಿ. ಹಾರುವ ಬಾಣ ಒಂದೊಂದು ಕ್ಷಣದಲ್ಲೂ ಒಂದೊಂದು ಜಾಗದಲ್ಲಿ ಇರುತ್ತದೆ. ಆ ಕ್ಷಣದಲ್ಲಿ ಅದು ಅಲ್ಲಾಡುತ್ತಿಲ್ಲ. ಎಲ್ಲ ಕ್ಷಣದಲ್ಲೂ ನಿಂತೇ ಇದ್ದರೆ ಹಾರಿದ್ದು ಯಾವಾಗ? ಕಾಲ ಕ್ಷಣಗಳನ್ನು ಪೋಣಿಸಿ ಮಾಡಿದ ಸರ ಅಲ್ಲ, ಗೆರೆ ಚುಕ್ಕಿಗಳಿಂದ ಆಗಿಲ್ಲದ ಹಾಗೆ, ಎಂದು ಅರಿಸ್ಟಾಟಲ್ ಉತ್ತರ ಕೊಟ್ಟ.

ಆದರೆ ಝೀನೋನ ಇನ್ನೊಂದು ಒಗಟು ಇದೆ, ಅದು ಹೆಜ್ಜೆ ಕಾಲದವರನ್ನೇ ಹಿಡಿಯುತ್ತದೆ. ಮೂರು ಸಾಲು ಜನ ಎದುರುಬದುರು ನಿಂತಿದ್ದಾರೆ ಎಂದುಕೊಳ್ಳಿ. ನಡುವಿನ ಸಾಲು ಅಲುಗಾಡುವುದಿಲ್ಲ. ಮೇಲಿನ ಸಾಲು ಒಂದು ಟಿಕ್‌ಗೆ ಒಂದು ಜಾಗ ಬಲಕ್ಕೆ ಸರಿಯುತ್ತದೆ, ಕೆಳಗಿನದು ಒಂದು ಟಿಕ್‌ಗೆ ಒಂದು ಜಾಗ ಎಡಕ್ಕೆ. ಟಿಕ್‌ಗಿಂತ ಚಿಕ್ಕ ಹೊತ್ತಿಲ್ಲ, ಜಾಗಕ್ಕಿಂತ ಚಿಕ್ಕ ದೂರ ಇಲ್ಲ. ಈಗ ಒಂದು ಟಿಕ್ ಆಯಿತು. ಮೇಲಿನವನು ಕೆಳಗಿನ ಸಾಲಿನ ಲೆಕ್ಕದಲ್ಲಿ ಎರಡು ಜಾಗ ದಾಟಿದ್ದಾನೆ. ನಡುವೆ ಸಿಗಬೇಕಿದ್ದವನ ಮುಖ ಅವನು ನೋಡಿದ್ದು ಯಾವಾಗ? ಅರ್ಧ ಟಿಕ್‌ನಲ್ಲಿ ಎನ್ನುವ ಹಾಗಿಲ್ಲ. ಹಾಗಾದರೆ ನೋಡಲೇ ಇಲ್ಲ. ಇಬ್ಬರೂ ಎದುರಾಗದೆ ಒಬ್ಬರನ್ನೊಬ್ಬರು ದಾಟಿದರು!

ಭಾರತದಲ್ಲೂ ಇದೇ ಎಳೆದಾಟ. ಜೈನರು 'ಸಮಯ' ಎನ್ನುವ ಪದವನ್ನೇ ಒಡೆಯಲಾಗದ ಅತಿ ಸಣ್ಣ ಕಾಲಕ್ಕೆ ಇಟ್ಟರು. ಒಂದು ಪರಮಾಣು ಪಕ್ಕದ ಬಿಂದುವಿಗೆ ಸರಿಯಲು ಬೇಕಾದಷ್ಟು ಹೊತ್ತು. ದಿಗಂಬರ ಪರಂಪರೆಯಲ್ಲಿ ಕಾಲಕ್ಕೆ ಅಣುಗಳೇ ಇವೆ, ರಾಶಿ ಹಾಕಿದ ರತ್ನಗಳಂತೆ ಒಂದಕ್ಕೊಂದು ಬೆರೆಯದ ಕಾಲಾಣುಗಳು. ಬೌದ್ಧರ ಕ್ಷಣಿಕವಾದ ಇನ್ನೂ ಒಂದು ಹೆಜ್ಜೆ ಮುಂದೆ: ವಸ್ತುವೇ ಕ್ಷಣಕ್ಷಣಕ್ಕೂ ಹೊಸದು, ದೀಪದ ಕುಡಿಯ ಹಾಗೆ. ವೈಶೇಷಿಕರು ಮಾತ್ರ ಕಾಲ ಒಂದೇ, ಅಖಂಡ, ನಿಮಿಷ ಗಳಿಗೆ ಎಂಬ ಭಾಗಗಳೆಲ್ಲ ಸೂರ್ಯನಂಥವುಗಳ ಚಲನೆ ನೋಡಿ ನಾವು ಹಚ್ಚಿದ್ದು ಎಂದರು. ಗಂಟೆಮುಳ್ಳು ಅವರು ವೈಶೇಷಿಕರು!

ಗಂಟೆಮುಳ್ಳು

ಇಷ್ಟು ವರ್ಷ ಗೊತ್ತೇ ಇರಲಿಲ್ಲ ನೋಡಿ.

ಸೊನ್ನೆಒಂದು

ಅಂಚಿನಟಿಪ್ಪಣಿ ಅವರ ಮೂರು ಸಾಲಿನ ಒಗಟು ಓದಿ ಕುರ್ಚಿಯಿಂದ ಎದ್ದೇಬಿಟ್ಟೆ. ಇದು ಗೇಮ್ ಬರೆಯುವವರಿಗೆಲ್ಲ ಗೊತ್ತಿರುವ ಬಗ್! ಗುಂಡು ತುಂಬಾ ವೇಗವಾಗಿದ್ದು ಗೋಡೆ ತೆಳ್ಳಗಿದ್ದರೆ, ಒಂದು ಫ್ರೇಮ್‌ನಲ್ಲಿ ಗುಂಡು ಗೋಡೆಯ ಈಚೆ ಇರುತ್ತದೆ, ಮುಂದಿನ ಫ್ರೇಮ್‌ನಲ್ಲಿ ಆಚೆ. ಗೋಡೆಯೊಳಗೆ ಅದು ಇದ್ದ ಕ್ಷಣವೇ ಇಲ್ಲ. ತಾಗಿತಾ ಎಂದು ಕೇಳಿದರೆ ಪ್ರೋಗ್ರಾಂ ಇಲ್ಲ ಎನ್ನುತ್ತದೆ. ಎದುರುಬದುರು ಬರುವ ಎರಡು ಗುಂಡುಗಳೂ ಹಾಗೇ ದಾಟಿಕೊಂಡು ಹೋಗುತ್ತವೆ.

ನಾವು ಮಾಡುವ ಪರಿಹಾರ ಏನು ಗೊತ್ತಾ? ಎರಡು ಫ್ರೇಮ್‌ಗಳ ನಡುವೆ ಒಂದು ಗೆರೆ ಎಳೆದು, ಆ ಗೆರೆ ಗೋಡೆಯನ್ನು ಕತ್ತರಿಸುತ್ತದಾ ಎಂದು ನೋಡುತ್ತೇವೆ. ಅಂದರೆ ಹೆಜ್ಜೆಯ ಕಾಲವನ್ನು ಸರಿ ಮಾಡಲು ಹರಿಯುವ ಕಾಲವನ್ನು ಕದ್ದು ತರುತ್ತೇವೆ. ಇಷ್ಟು ದಿನ ಇದನ್ನು ಹೀಗೆ ಯೋಚಿಸಿರಲಿಲ್ಲ.

ಹಳೇಚಾಕ್‌ಪೀಸ್

ಝೀನೋನ ಒಗಟಿನಲ್ಲಿ ಇನ್ನೊಂದು ಮುಳ್ಳು ಇದೆ. ಟಿಕ್ ಯಾರದ್ದು? ನಡುವಿನ ಸಾಲಿನವರದ್ದೋ, ಮೇಲಿನವರದ್ದೋ? ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಬಂದ ಮೇಲೆ ಇದು ದೊಡ್ಡ ತಲೆನೋವು.

ಮ್ಯೂಆನ್ ಎಂಬ ಕಣ ಇದೆ. ಸರಾಸರಿ 2.2 ಮೈಕ್ರೋಸೆಕೆಂಡ್ ಬದುಕುತ್ತದೆ. ನೆಲದಿಂದ ಸುಮಾರು 15 ಕಿಲೋಮೀಟರ್ ಮೇಲೆ, ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಗೆ ಬಡಿದಾಗ ಹುಟ್ಟುತ್ತದೆ. ಅಷ್ಟು ಆಯಸ್ಸಿನಲ್ಲಿ ಬೆಳಕಿನ ವೇಗದಲ್ಲೇ ಓಡಿದರೂ 660 ಮೀಟರ್ ದಾಟಬಹುದು, ಅಷ್ಟೇ. ಆದರೂ ನೆಲಕ್ಕೆ ರಾಶಿ ರಾಶಿ ಮ್ಯೂಆನ್‌ಗಳು ಬಂದು ತಲುಪುತ್ತವೆ. ಯಾಕೆಂದರೆ ಓಡುತ್ತಿರುವ ಮ್ಯೂಆನಿನ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನ. ಈಗ ಹೇಳಿ, ಜಗತ್ತಿಗೆಲ್ಲ ಒಂದೇ ಟಿಕ್ ಇದ್ದರೆ ಅದು ಯಾರ ಗಡಿಯಾರದ್ದು? ಒಬ್ಬರದನ್ನು ಆರಿಸಿದರೆ ಅವರು ಜಗತ್ತಿನಲ್ಲಿ ವಿಶೇಷ ಆಗಿಬಿಡುತ್ತಾರೆ. ಯಾರೂ ವಿಶೇಷ ಅಲ್ಲ ಎನ್ನುವುದೇ ಐನ್‌ಸ್ಟೈನರ ಮೂಲ ಮಾತು.

ಇದನ್ನು ಬರೀ ಮಾತಿನಲ್ಲಿ ಬಿಟ್ಟಿಲ್ಲ, ನೋಡಿದ್ದಾರೆ. ದೇಶಕಾಲ, ಅಂದರೆ ಜಾಗ ಮತ್ತು ಕಾಲ ಸೇರಿದ ಹಂದರ, ತರಿತರಿಯಾಗಿದ್ದರೆ ಶಕ್ತಿ ಜಾಸ್ತಿ ಇರುವ ಬೆಳಕು ಆ ತರಿಗೆ ಜಾಸ್ತಿ ಸಿಕ್ಕಿಕೊಂಡು ಒಂದಿಷ್ಟು ತಡವಾಗಿ ಬರಬಹುದು. ವ್ಯತ್ಯಾಸ ತೀರಾ ಚಿಕ್ಕದು, ಆದರೆ ಕೋಟಿಗಟ್ಟಲೆ ವರ್ಷ ಓಡಿದರೆ ಕೂಡಿ ಕೂಡಿ ಕಾಣುವಷ್ಟಾಗುತ್ತದೆ. 2009ರ ಮೇ 10ರಂದು ಫರ್ಮಿ ಬಾಹ್ಯಾಕಾಶ ದೂರದರ್ಶಕಕ್ಕೆ ಒಂದು ಗಾಮಾ ಸ್ಫೋಟ, ಅಂದರೆ ಅತಿ ಹೆಚ್ಚು ಶಕ್ತಿಯ ಬೆಳಕಿನ ಸ್ಫೋಟ, ಸಿಕ್ಕಿತು. ಆ ಬೆಳಕು 730 ಕೋಟಿ ವರ್ಷ ಓಡಿ ಬಂದಿತ್ತು. ಅದರಲ್ಲಿ 31 ಗಿಗಾ ಎಲೆಕ್ಟ್ರಾನ್ ವೋಲ್ಟ್‌ನಷ್ಟು ಭಾರೀ ಶಕ್ತಿಯ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಸ್ಫೋಟ ಕಾಣಿಸಿದ ಒಂದು ಸೆಕೆಂಡಿನ ಒಳಗೇ ಬಂದು ಬಿತ್ತು. 730 ಕೋಟಿ ವರ್ಷದ ಓಟದಲ್ಲಿ ಒಂದು ಸೆಕೆಂಡೂ ಹಿಂದೆ ಬೀಳಲಿಲ್ಲ! ಪ್ಲಾಂಕ್ ಅಳತೆಯ ಸರಳವಾದ ತರಿ ಇದ್ದಿದ್ದರೆ ಆ ಫೋಟಾನ್ ಹಾಗೆ ಬರುತ್ತಿರಲಿಲ್ಲ.

ಗಮನಿಸಿ, 'ಸರಳವಾದ' ಎಂದೆ. ಜಾಣ ತರಿಗಳೂ ಇವೆ. ಭೌತಶಾಸ್ತ್ರಜ್ಞ ರಫೇಲ್ ಸಾರ್ಕಿನ್ ಮತ್ತು ಜೊತೆಗಾರರು 1987ರಲ್ಲಿ ಒಂದು ದಾರಿ ತೋರಿಸಿದರು. ಘಟನೆಗಳು ಬಿಡಿಬಿಡಿಯೇ, ಆದರೆ ಚದುರಂಗದ ಮನೆಗಳ ಹಾಗೆ ಸಾಲಾಗಿ ಇಲ್ಲ. ನೆಲದ ಮೇಲೆ ಬಿದ್ದ ಮೊದಲ ಮಳೆಹನಿಗಳ ಹಾಗೆ ಚೆಲ್ಲಾಪಿಲ್ಲಿ. ಸಾಲು ಇಲ್ಲದ ಮೇಲೆ ಯಾವ ದಿಕ್ಕೂ ವಿಶೇಷ ಅಲ್ಲ, ಯಾರ ಟಿಕ್ಕೂ ವಿಶೇಷ ಅಲ್ಲ. ಇರುವುದು ಯಾವುದು ಯಾವುದಕ್ಕೆ ಕಾರಣ ಎಂಬ ಸಂಬಂಧ ಮಾತ್ರ. ಇಂಥ ಜಗತ್ತಿನಲ್ಲಿ ಕಾಲ ತುಂಡಾಗಿದೆ, ಆದರೆ 'ಮುಂದಿನ ಟಿಕ್' ಎಂಬುದು ಇಲ್ಲ. ಹೆಜ್ಜೆಯೂ ಅಲ್ಲ, ಹರಿವೂ ಅಲ್ಲ. ನನಗೆ ಇದು ತುಂಬಾ ಇಷ್ಟ. ನಿಜವೋ ಅಲ್ಲವೋ ಬೇರೆ ಮಾತು.

ಕಣ್ಣರೆಪ್ಪೆ

ಇಷ್ಟು ಹೊತ್ತು ಓದುತ್ತಿದ್ದೆ. ಜಗತ್ತಿನ ಕಾಲ ಬಿಡಿ, ನಮಗೆ ಹರಿಯುವ ಹಾಗೆ ಅನ್ನಿಸುತ್ತದಲ್ಲ, ಅದನ್ನೂ ಸಾಕ್ಷಿಯಾಗಿ ನಂಬುವ ಹಾಗಿಲ್ಲ. ಸಿನಿಮಾ ಸೆಕೆಂಡಿಗೆ 24 ಚಿತ್ರ. ಹರಿಯುತ್ತದೆ ಅನ್ನಿಸುತ್ತದೆ. ನಾವು ನಿಮಿಷಕ್ಕೆ ಎಷ್ಟೋ ಸಲ ರೆಪ್ಪೆ ಬಡಿಯುತ್ತೇವೆ, ಆಗೆಲ್ಲ ಕತ್ತಲೆ. ಆ ಕತ್ತಲೆ ನೆನಪಿದೆಯಾ? ಮಿದುಳು ಹೊಲಿದುಬಿಡುತ್ತದೆ.

ಆ ಹೊಲಿಗೆ ಬಿಚ್ಚಿದರೆ ಏನಾಗುತ್ತದೆ ಎಂಬುದೂ ಗೊತ್ತಿದೆ. 1983ರಲ್ಲಿ ವೈದ್ಯರು ಒಬ್ಬ ಮಹಿಳೆಯ ಬಗ್ಗೆ ಬರೆದರು. ಮಿದುಳಿಗೆ ಹಾನಿಯಾಗಿ ಆಕೆಗೆ ಚಲನೆ ಕಾಣುವುದೇ ನಿಂತುಹೋಗಿತ್ತು. ಬಣ್ಣ ಕಾಣುತ್ತಿತ್ತು, ಆಕಾರ ಕಾಣುತ್ತಿತ್ತು. ಲೋಟಕ್ಕೆ ಚಹಾ ಸುರಿದರೆ ಅದು ಹೆಪ್ಪುಗಟ್ಟಿದ ಮಂಜಿನ ಹಾಗೆ ನಿಂತಿರುತ್ತಿತ್ತು. ರಸ್ತೆಯಲ್ಲಿ ದೂರ ಇದ್ದ ಕಾರು ತಟ್ಟನೆ ಪಕ್ಕದಲ್ಲಿ. ಆಕೆಯ ಜಗತ್ತು ಹೆಜ್ಜೆ ಹೆಜ್ಜೆ. ಹೊರಗಿನ ಕಾಲ ಮಾತ್ರ ನಮ್ಮದೂ ಆಕೆಯದೂ ಒಂದೇ.

ಸುಮ್ನೆ ಒಂದು ಪದದ ಮಾತು: 'ನಿಮಿಷ' ಎಂದರೆ ಮೂಲದಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತು. ಅದಕ್ಕೇ ದೇವತೆಗಳು ಅನಿಮಿಷರು, ಎವೆಯಿಕ್ಕದವರು. ಈಗ 60 ಸೆಕೆಂಡ್ ಆಗಿ ಕೂತಿದೆ. ಇನ್ನೊಂದು ಕಡೆ ನಮ್ಮ 'ಹೊತ್ತು' ನೋಡಿ. ಹೊತ್ತು ಏರುತ್ತದೆ, ಇಳಿಯುತ್ತದೆ, ಮುಳುಗುತ್ತದೆ. ಹೊತ್ತು ಎಂದರೆ ಸೂರ್ಯನೂ ಹೌದಲ್ಲ. ನಿಮಿಷ ಬಡಿಯುವ ಕಾಲ, ಹೊತ್ತು ಜಾರುವ ಕಾಲ. ಕನ್ನಡ ಎರಡನ್ನೂ ಇಟ್ಟುಕೊಂಡು ನೆಮ್ಮದಿಯಾಗಿದೆ.

ತರಂಗ

ನಾನು ಧ್ವನಿ ಮುದ್ರಣದವನು. ನೀವೆಲ್ಲ ಒಂದು ವಿಷಯ ಮೊದಲೇ ಒಪ್ಪಿಕೊಂಡು ಕೂತಿದ್ದೀರಿ: ಹೆಜ್ಜೆ ಇದ್ದರೆ ಹರಿವು ಇಲ್ಲ, ಹರಿವು ಇದ್ದರೆ ಹೆಜ್ಜೆ ಇಲ್ಲ. ನನ್ನ ಕೆಲಸದಲ್ಲಿ ಅದು ಸುಳ್ಳು.

ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಂಕಿಗಳು, ಅಷ್ಟೇ. ನಡುವೆ ಏನೂ ಇಲ್ಲ. ಜನ ಏನು ತಿಳಿದುಕೊಳ್ಳುತ್ತಾರೆ ಎಂದರೆ ಆ ಅಂಕಿಗಳ ನಡುವಿನ ಧ್ವನಿ ಕಳೆದುಹೋಗಿದೆ, ಮೆಟ್ಟಿಲು ಮೆಟ್ಟಿಲಾದ ಧ್ವನಿ ಕೇಳುತ್ತಿದ್ದೇವೆ ಎಂದು. ಅಲ್ಲ. ಮೂಲ ಧ್ವನಿಯಲ್ಲಿ 22,050 ಹರ್ಟ್ಝ್‌ಗಿಂತ ಮೇಲಿನ ಕಂಪನ ಇಲ್ಲದಿದ್ದರೆ ಆ ಬಿಡಿ ಚುಕ್ಕಿಗಳ ಮೂಲಕ ಹೋಗಬಲ್ಲ ಅಲೆ ಒಂದೇ ಒಂದು. ಆ ಅಲೆ ಪೂರ್ತಿ ವಾಪಸ್ ಸಿಗುತ್ತದೆ, ಹತ್ತಿರ ಹತ್ತಿರ ಅಲ್ಲ, ಅದೇ. ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಇದನ್ನು ಅಚ್ಚುಕಟ್ಟಾಗಿ ಬರೆದಿಟ್ಟರು. ಪ್ರತಿ ಅಂಕಿಗೆ ಎಷ್ಟು ಬಿಟ್ ಎಂಬ ರಗಳೆ ಬೇರೆ, ಅದು ಇಲ್ಲಿ ಬೇಡ.

ಇನ್ನೂ ಮಜಾ ಇದೆ. ಆ ಚುಕ್ಕಿಗಳನ್ನು ಎಲ್ಲಿಂದ ಶುರು ಮಾಡಿದರೂ ನಡೆಯುತ್ತದೆ. ಇಡೀ ಸಾಲನ್ನು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಸಿ ಅಳೆದರೂ ಅದೇ ಅಲೆ. ಹಾಗಾಗಿ ಯಾವ ಟಿಕ್ ವಿಶೇಷ ಎಂಬ ಮೇಷ್ಟ್ರ ಪ್ರಶ್ನೆಯೇ ಏಳುವುದಿಲ್ಲ. ಅಖಿಮ್ ಕೆಂಫ್ ಎಂಬ ಭೌತಶಾಸ್ತ್ರಜ್ಞರು ದೇಶಕಾಲವೂ ಹೀಗೇ ಇರಬಹುದು ಎನ್ನುತ್ತಾರೆ. ಎಣಿಸಿದರೆ ತುಂಡು, ನೋಡಿದರೆ ಅಖಂಡ.

ಅಂಚಿನಟಿಪ್ಪಣಿ

ತರಂಗ ಅವರ ಮಾತಿಗೆ ಒಂದು ಒಗ್ಗರಣೆ. 'ಅಖಂಡ ಗೆರೆ' ಎನ್ನುವುದೇ ನಾವು ಮಾಡಿಕೊಂಡದ್ದು. ಡೆಡೆಕಿಂಡ್ ಎಂಬ ಗಣಿತಜ್ಞ 1872ರಲ್ಲಿ ಸಂಖ್ಯೆಗಳ ನಡುವಿನ ಬಿರುಕುಗಳನ್ನೆಲ್ಲ ತುಂಬಿ ಗೆರೆಯನ್ನು ಪೂರ್ತಿ ಮಾಡಿದ. ಅವನೇ ಅಲ್ಲಿ ಹೇಳುತ್ತಾನೆ: ನಿಜವಾದ ಜಾಗದಲ್ಲಿ ಬಿರುಕುಗಳಿವೆ ಎಂದು ನಾಳೆ ಖಚಿತವಾಗಿ ತಿಳಿದರೂ ಮನಸ್ಸಿನಲ್ಲಿ ಅವನ್ನು ತುಂಬಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಅಂದರೆ ಲೆಕ್ಕ ಸರಿಯಾಗಿ ಬರುತ್ತದೆ ಎನ್ನುವುದು ಜಗತ್ತು ಅಖಂಡ ಎನ್ನುವುದಕ್ಕೆ ಸಾಕ್ಷಿ ಅಲ್ಲ.

ಐನ್‌ಸ್ಟೈನರಿಗೂ ಕೊನೆಗಾಲದಲ್ಲಿ ಈ ಅಳುಕು ಇತ್ತು. 1954ರಲ್ಲಿ ಗೆಳೆಯ ಬೆಸ್ಸೋಗೆ ಬರೆದ ಪತ್ರದಲ್ಲಿ, ಭೌತಶಾಸ್ತ್ರವನ್ನು ಅಖಂಡ ರಚನೆಗಳ ಮೇಲೆ ಕಟ್ಟಲು ಆಗದೇ ಹೋಗಬಹುದು, ಹಾಗಾದರೆ ತಾನು ಗಾಳಿಯಲ್ಲಿ ಕಟ್ಟಿದ ಕೋಟೆಯಲ್ಲಿ ಏನೂ ಉಳಿಯುವುದಿಲ್ಲ ಎಂಬ ಅರ್ಥದ ಮಾತಿದೆ.

ಸೊನ್ನೆಒಂದು

ಎಲ್ಲ ಓದಿಕೊಂಡು ಮತ್ತೆ ನನ್ನ ಗ್ರಹದ ಮುಂದೆ ಕೂತೆ. ಒಂದು ವಿಚಾರ ಬಂತು. ಪ್ರೋಗ್ರಾಂ ಓಡುತ್ತಿರುವಾಗ ನಾನು ನಿಲ್ಲಿಸುವ ಬಟನ್ ಒತ್ತಿ, ಮಲಗಿ, ಎದ್ದು ಮತ್ತೆ ಶುರು ಮಾಡುತ್ತೇನೆ. ಆ ಗ್ರಹದ ಮೇಲೆ ಯಾರಾದರೂ ಇದ್ದರೆ ಅವರಿಗೆ ಗೊತ್ತಾಗುತ್ತದಾ? ಇಲ್ಲ. ಅವರ ಗಡಿಯಾರವೂ ನಿಂತಿರುತ್ತದಲ್ಲ. ಎರಡು ಟಿಕ್‌ಗಳ ನಡುವೆ ನನ್ನ ಕಡೆ ಸಾವಿರ ವರ್ಷ ಕಳೆದರೂ ಅವರಿಗೆ ಅದು ಪಕ್ಕದ ಟಿಕ್. ಹಾಗಾಗಿ ಒಳಗಿನಿಂದ ಸಂದನ್ನು ನೋಡುವುದು ಆಗದ ಮಾತು.

ಆದರೆ ಅವರು ಬೇರೆ ಏನೋ ನೋಡಬಹುದು. ಗುಂಡು ಗೋಡೆಗೆ ತಾಗದೆ ದಾಟಿದ್ದು. ಗ್ರಹ ಯಾರೂ ದೂಡದೆ ಹೊರಗೆ ಜಾರಿದ್ದು. ಬಗ್‌ಗಳನ್ನು ನೋಡಿ ಹೆಜ್ಜೆ ಇದೆ ಎಂದು ಊಹಿಸಬಹುದು. ಮೇಷ್ಟ್ರು ಹೇಳಿದ ಗಾಮಾ ಸ್ಫೋಟದಲ್ಲಿ ವಿಜ್ಞಾನಿಗಳು ಹುಡುಕಿದ್ದೂ ಇಂಥದೇ ಬಗ್, ಅಲ್ವಾ? ನಮ್ಮ ಜಗತ್ತಿನಲ್ಲಿ ಶಕ್ತಿ ಹೀಗೆ ತಾನಾಗಿ ಹೆಚ್ಚುವುದನ್ನು ಯಾರೂ ನೋಡಿಲ್ಲ. ಹಾಗಾದರೆ ಇಲ್ಲಿ ಹೆಜ್ಜೆ ಇಲ್ಲ ಎನ್ನಬಹುದಲ್ಲ?

ಅರ್ಧಂಬರ್ಧ

ಈ ಸಲ ನಾನು ಸರಿಯಾಗಿಯೇ ಹೇಳುತ್ತಿದ್ದೇನೆ, ಕೆಲಸದಲ್ಲಿ ಇದನ್ನೇ ಮಾಡುವವನು. ನಿಮ್ಮ ಗ್ರಹ ಜಾರುತ್ತಿರುವುದು ಹೆಜ್ಜೆಯ ತಪ್ಪಲ್ಲ, ನೀವು ಹೆಜ್ಜೆ ಇಡುವ ರೀತಿಯ ತಪ್ಪು. ಜಾಗ ಮತ್ತು ವೇಗ ಎರಡನ್ನೂ ಒಂದೇ ಕ್ಷಣದಲ್ಲಿ ಲೆಕ್ಕ ಹಾಕಿ ಮುಂದಕ್ಕೆ ತಳ್ಳುತ್ತಿದ್ದೀರಿ. ಅದನ್ನು ಬಿಡಿ. ಕಪ್ಪೆ ಜಿಗಿತದ ವಿಧಾನ ಹಾಕಿ. ಜಾಗವನ್ನು ಪೂರ್ಣ ಹೆಜ್ಜೆಗಳಲ್ಲಿ, ವೇಗವನ್ನು ಅರ್ಧ ಹೆಜ್ಜೆಗಳಲ್ಲಿ ಲೆಕ್ಕ ಹಾಕಿ. ಒಂದು ಇನ್ನೊಂದರ ಬೆನ್ನ ಮೇಲಿಂದ ಹಾರಿಕೊಂಡು ಹೋಗುತ್ತದೆ. ಹೆಜ್ಜೆ ಅಷ್ಟೇ ದೊಡ್ಡದು, ಆದರೆ ಶಕ್ತಿ ಒಂದು ಮಿತಿಯೊಳಗೆ ಒಂಚೂರು ಅಲುಗಾಡುತ್ತದೆ, ಜಾರುವುದಿಲ್ಲ. ಹಾಗಾಗಿ ಶಕ್ತಿ ಸೋರುತ್ತಿಲ್ಲ, ಆದ್ದರಿಂದ ಹೆಜ್ಜೆ ಇಲ್ಲ ಎನ್ನುವ ವಾದ ನಿಲ್ಲುವುದಿಲ್ಲ.

ಹಳೇಚಾಕ್‌ಪೀಸ್

ಭಲೇ. 1957ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ತ್ಸುಂಗ್-ಡಾವೋ ಲೀ 1983ರಲ್ಲಿ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿದ್ದರು. ಕಾಲ ಬಿಡಿ ಹೆಜ್ಜೆಗಳಾಗಿದ್ದು, ಹೆಜ್ಜೆಯ ಅಂತರವನ್ನೂ ಚಲನೆಯೇ ತೀರ್ಮಾನಿಸುವ ಹಾಗೆ ಬಿಟ್ಟರೆ ಶಕ್ತಿ ಚೂರೂ ಸೋರದ ಹಾಗೆ ಚಲನೆಯ ಶಾಸ್ತ್ರ ಕಟ್ಟಬಹುದು ಎಂದು ತೋರಿಸಿದರು. ಅರ್ಧಂಬರ್ಧ ಅವರೇ, ಹೆಸರು ಬದಲಾಯಿಸಿಕೊಳ್ಳಿ.

ಅರ್ಧಂಬರ್ಧ

ಯಾಕೆ, ಅರ್ಧ ಹೆಜ್ಜೆಯಿಂದಲೇ ಅಲ್ವಾ ಇವತ್ತು ಗೆದ್ದಿದ್ದು!

ಸೊನ್ನೆಒಂದು

ರಾತ್ರಿಯಿಡೀ ಓಡಿಸಿದೆ. ಹತ್ತು ಸಾವಿರ ಸುತ್ತು. ಗ್ರಹ ಹೊರಗೆ ಜಾರಿಲ್ಲ! ಆದರೆ ಹೊಸದೊಂದು ಕಂಡಿದೆ. ಕಕ್ಷೆ ಮೊಟ್ಟೆಯಾಕಾರದ್ದಲ್ಲವಾ, ಆ ಮೊಟ್ಟೆಯೇ ನಿಧಾನಕ್ಕೆ ತಿರುಗುತ್ತಿದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಹೆಜ್ಜೆಯ ಗುರುತು.

ಅರ್ಧಂಬರ್ಧ

ತಾಳಿ ತಾಳಿ! ಬುಧ ಗ್ರಹದ ಕಕ್ಷೆಯೂ ಹೀಗೇ ತಿರುಗುತ್ತದಲ್ಲ!

ಹಳೇಚಾಕ್‌ಪೀಸ್

ಕೂತುಕೊಳ್ಳಿ. ಅದರಲ್ಲಿ ಹೆಚ್ಚಿನ ಪಾಲು ಬೇರೆ ಗ್ರಹಗಳ ಎಳೆತ. ಲೆಕ್ಕಕ್ಕೆ ಸಿಗದೆ ಉಳಿದದ್ದು ಶತಮಾನಕ್ಕೆ 43 ಆರ್ಕ್‌ಸೆಕೆಂಡ್ (ಒಂದು ಡಿಗ್ರಿ ಕೋನದ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಅದನ್ನು 1915ರಲ್ಲಿ ಐನ್‌ಸ್ಟೈನ್ ತೀರಿಸಿದರು, ಅಖಂಡ ಕಾಲ ಇಟ್ಟುಕೊಂಡೇ.

ಸೊನ್ನೆಒಂದು

ಇನ್ನೊಂದು ಚಿಕ್ಕ ತೊಡಕು. ಗ್ರಹದ ಪಕ್ಕದಲ್ಲಿ ಅದರ ವೇಗ ತೋರಿಸೋಣ ಎಂದು ಹೊರಟೆ. ಗ್ರಹ ಇಲ್ಲಿರುವ ಈ ಕ್ಷಣದಲ್ಲಿ ಅದರ ವೇಗ ಎಷ್ಟು ಎಂದರೆ ಪ್ರೋಗ್ರಾಂ ಬಳಿ ಉತ್ತರವೇ ಇಲ್ಲ. ಅರ್ಧ ಹೆಜ್ಜೆ ಹಿಂದಿನದು ಇದೆ, ಅರ್ಧ ಹೆಜ್ಜೆ ಮುಂದಿನದು ಇದೆ. ಈ ಕ್ಷಣದ್ದು ಇಲ್ಲ.

ಅಂಚಿನಟಿಪ್ಪಣಿ

ಝೀನೋನ ಬಾಣ ನಿಮ್ಮ ಪರದೆಯ ಮೇಲೆ ಬಂದು ನಿಂತಿದೆ. ಒಂದು ಫೋಟೋ ಹಾಕಿ, ನೋಡೋಣ.